ಧಾಟಿ ಇಲ್ಲದ ಹಾಡಿನ ಪುಸ್ತಕ

ಹೆಣ್ಣು ನೋಡಲು ಬರುವವರಿದ್ದ ಹಿಂದಿನ ದಿನ ಅಕ್ಕ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಾ ಹಾಡುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಹಳೆಯ ಪಂಚೆಯ ಮೇಲೆ ಹಪ್ಪಳ ಹರಡುತ್ತಾ, ಒಂದೇ ಸಾಲನ್ನು ಬೇರೆ ಬೇರೆ ಥರ ಹೇಳಿ ನೋಡಿ, "ಯಾವ್ದೇ ಚೆನ್ನಾಗಿದೆ?" ಎಂದು ಕೇಳಿದಳು.

"ಮೊದಲ್ನೇದು."

"ನಿಂಗೆ ಯಾವಾಗ್ಲೂ ಮೊದಲ್ನೇದೇ, ಕತ್ತೆ" ಎಂದು ನಕ್ಕು, ಕೊನೆಯದನ್ನೇ ಇಟ್ಟುಕೊಂಡಳು. ಕೆಳಗಿನಿಂದ ಅಮ್ಮ, "ಗಂಟಲು ಕೆಡಿಸ್ಕೋಬೇಡ್ವೇ, ನಾಳೆ ಬೇಕು" ಎಂದು ಕೂಗಿದಳು. ಅಕ್ಕ ಯಾರೂ ಹೇಳದೆ ತಾನಾಗಿ ಹಾಡಿದ್ದು ಅದೇ ಕೊನೆ.

ನಮ್ಮದು ಯಲಹಂಕದ ಹಳೇ ಊರಿನ ಮನೆ. ಅಪ್ಪ ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು, ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದರು. ಅಕ್ಕನಿಗೆ ಒಳ್ಳೆಯ ಕಂಠ. ಆದರೆ ಪಾಠ ಹೇಳಿಸಲು ಊರಿನಲ್ಲಿ ಯಾರೂ ಇರಲಿಲ್ಲ, ಮನೆಯಲ್ಲಿ ರೇಡಿಯೋ ಇರಲಿಲ್ಲ. ಸಿನಿಮಾ ನೋಡುವುದಂತೂ ಅಪ್ಪನ ಪ್ರಕಾರ ಮರ್ಯಾದಸ್ಥರ ಹೆಣ್ಣುಮಕ್ಕಳ ಕೆಲಸವೇ ಅಲ್ಲ. ಆದರೂ ಯಶವಂತಪುರದ ಸಿನಿಮಾ ಟೆಂಟಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಅವರೇ ತರುತ್ತಿದ್ದರು. "ನೋಡೋದು ಬೇರೆ, ಓದೋದು ಬೇರೆ. ಅಚ್ಚಾದ ಸಾಹಿತ್ಯಕ್ಕೆ ಮೈಲಿಗೆ ಇಲ್ಲ" ಎನ್ನುವುದು ಅವರ ವಾದ.

ಆ ಪುಸ್ತಕಗಳನ್ನು ಕಂಡವರಿಗೆ ಗೊತ್ತು. ತೆಳ್ಳನೆಯ ಒರಟು ಕಾಗದ, ರಟ್ಟಿನ ಮೇಲೆ ಮಸಿ ಹರಡಿದ ನಾಯಕಿಯ ಮುಖ. ಮೊದಲು ಪಾತ್ರಧಾರಿಗಳ ಹೆಸರು, ಆಮೇಲೆ ಕಥೆ, ಆಮೇಲೆ ಹಾಡುಗಳು. ಕಥೆಯನ್ನು ಪೂರ್ತಿ ಹೇಳುತ್ತಿರಲಿಲ್ಲ. ಏನೋ ಆಗಲಿದೆ ಎನ್ನುವಲ್ಲಿ ನಿಲ್ಲಿಸಿ, ಉಳಿದದ್ದನ್ನು ತೆರೆಯ ಮೇಲೆ ನೋಡಿರಿ ಎಂದು ಹಾಕುವುದು ಪದ್ಧತಿ. ನಮಗೆ ತೆರೆಯಿಲ್ಲ, ಹಾಗಾಗಿ ಯಾವ ಕಥೆಗೂ ಕೊನೆಯಿಲ್ಲ. ಹಾಡಿಗೆ ಸಾಹಿತ್ಯವಿತ್ತು, ಧಾಟಿ ಇರಲಿಲ್ಲ. ಧಾಟಿಯನ್ನು ಅಕ್ಕ ಕಟ್ಟುತ್ತಿದ್ದಳು. ಸ್ವಲ್ಪ ಹಸೆ ಹಾಡಿನಿಂದ, ಸ್ವಲ್ಪ ಭಜನೆಯಿಂದ, ಉಳಿದದ್ದು ಎಲ್ಲಿಂದ ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಯಾವ ಹಾಡು ಹೇಳಬಹುದು ಎಂದು ಅಪ್ಪ ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತಿದ್ದರು. ಪ್ರೇಮದ ಹಾಡುಗಳಿಗೆ ಗುರುತಿಲ್ಲ. ಅವರಿಗೆ ಬಹಳ ಹಿಡಿಸಿದ ಹಾಡೊಂದಿತ್ತು: ಸಂಸಾರ ಸುಳ್ಳು, ಶರೀರ ಸುಳ್ಳು, ನೀನೊಬ್ಬನೇ ನಿಜ ಎಂದು ದೇವರನ್ನು ಕರೆಯುವ ಹಾಡು. ಮೇಲೆ 'ಸನ್ಯಾಸಿ' ಎಂದು ಅಚ್ಚಾಗಿತ್ತು. ಕಥೆಯ ಭಾಗದಲ್ಲಿ ಆ ಸನ್ಯಾಸಿ ಊರಿಗೆ ಬರುತ್ತಾನೆ, ಜನ ಕಾಲಿಗೆ ಬೀಳುತ್ತಾರೆ. ಪುಸ್ತಕ ಅಲ್ಲಿಗೆ ನಿಂತಿತ್ತು.

ಗಂಡಿನವರು ಮತ್ತಿಕೆರೆಯಿಂದ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಹುಡುಗನಿಗೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಒಳ್ಳೆಯ ಸಂಬಂಧ, ಕೈತಪ್ಪಬಾರದು ಎಂದು ಅಮ್ಮ ಬೆಳಿಗ್ಗೆಯಿಂದ ದೇವರ ಮುಂದೆ ದೀಪ ಆರದಂತೆ ನೋಡಿಕೊಂಡಿದ್ದಳು. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಹುಡುಗನ ತಾಯಿ, "ಒಂದು ಹಾಡು ಹೇಳಮ್ಮ" ಎಂದರು. ಅಕ್ಕ ಅಪ್ಪನ ಮುಖ ನೋಡಿದಳು.

"ಆ ಸನ್ಯಾಸೀದು ಹೇಳಮ್ಮ" ಎಂದರು ಅಪ್ಪ.

ಅಕ್ಕ ಕಣ್ಣು ಮುಚ್ಚಿ, ಹಿಂದಿನ ದಿನ ಮಾಳಿಗೆಯಲ್ಲಿ ಆರಿಸಿಕೊಂಡ ಧಾಟಿಯಲ್ಲೇ ಶುರು ಮಾಡಿದಳು. ಮೊದಲ ಸಾಲಿಗೆ ಹುಡುಗ ತಲೆ ತಗ್ಗಿಸಿದ. ಭಕ್ತಿಯಿಂದ ಎಂದುಕೊಂಡೆ. ಅವನ ಭುಜ ಕುಲುಕುತ್ತಿತ್ತು. ಚರಣಕ್ಕೆ ಬರುವಷ್ಟರಲ್ಲಿ ಸೋದರಮಾವನಿಗೆ ತಡೆಯಲಾಗಲಿಲ್ಲ.

"ಅಯ್ಯೋ ಶಿವನೇ! ಇದು ಆ ಕಳ್ಳ ಸನ್ಯಾಸಿ ಹಾಡಲ್ವೇನೋ? ಜೋಳಿಗೇಲಿ ಕೋಳಿ ಬಚ್ಚಿಟ್ಕೊಂಡು ಹೇಳ್ತಾನಲ್ಲ, ಅದು ಮಧ್ಯ ಮಧ್ಯ ಕೊಕ್ಕೊಕ್ಕೋ ಅಂತದೆ!"

ಹುಡುಗ ಜೋರಾಗಿಯೇ ನಕ್ಕುಬಿಟ್ಟ. ಅವನ ತಾಯಿ ನಗಲಿಲ್ಲ. "ಹುಡುಗಿ ಸಿನಿಮಾ ಜಾಸ್ತಿ ನೋಡ್ತಾಳೇನ್ರೀ?" ಎಂದು ಅಪ್ಪನನ್ನು ಕೇಳಿದರು.

"ಇಲ್ಲ ಇಲ್ಲ, ನಮ್ಮ ಮಕ್ಕಳು ಟೆಂಟಿನ ಬಾಗಿಲೂ ಕಂಡಿಲ್ಲ."

"ಹಾಗಾದ್ರೆ ಕಳ್ಳ ಸನ್ಯಾಸೀನೇ ಮನೆಗ್ ಬಂದು ಹೇಳ್ಕೊಟ್ನೇನ್ರಿ ರಾಯರೇ?" ಎಂದ ಸೋದರಮಾವ. "ಧಾಟಿ ಬೇರೆ ಹೇಳ್ಕೊಟ್ಟವನೆ, ಪಾಪ!"

ಅಪ್ಪ ತಾಂಬೂಲದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅಚ್ಚಾಗಿದ್ದನ್ನು ನಂಬಿದೆ ಎಂದು ಹೇಳುವುದಾದರೂ ಹೇಗೆ? ಅಕ್ಕ ಚರಣದ ನಡುವೆ ನಿಲ್ಲಿಸಿದ್ದಳು. ಎದ್ದು ಹೋಗಲು ಯಾರೂ ಹೇಳಲಿಲ್ಲವಾದ್ದರಿಂದ ಗಂಡಿನವರು ತಾಂಬೂಲ ತೆಗೆದುಕೊಳ್ಳುವ ತನಕ ಚಾಪೆಯ ಮೇಲೆ ಹಾಗೆಯೇ ಕೂತಿದ್ದಳು. ನಾನು ಬಾಗಿಲ ಸಂದಿಯಲ್ಲಿದ್ದೆ. ಅವಳ ಕಿವಿ ಕೆಂಪಾಗಿದ್ದು ಕಾಣುತ್ತಿತ್ತು.

ಜಾತಕ ಕೂಡಲಿಲ್ಲವೆಂದು ಆಮೇಲೆ ಹೇಳಿಕಳಿಸಿದರು. ಅಷ್ಟರಲ್ಲಿ ಮಾತು ಊರು ಸೇರಿತ್ತು. ಬಾವಿಯ ಹತ್ತಿರ ನೀರಿಗೆ ಹೋದರೆ ಯಾರಾದರೊಬ್ಬರು, "ನಿಮ್ಮನೆ ಕೋಳಿ ಏನಂತದೆ?" ಎನ್ನುತ್ತಿದ್ದರು. ನಾನೂ ಅಮ್ಮನೂ ಬಿಸಿಲು ನೆತ್ತಿಗೇರಿ ಬಾವಿಕಟ್ಟೆ ಖಾಲಿಯಾದ ಮೇಲೆ ಹೋಗತೊಡಗಿದೆವು. ಅಕ್ಕ ಮಾತ್ರ ಮಾಮೂಲಿನ ಹೊತ್ತಿಗೇ ಹೋಗಿಬರುತ್ತಿದ್ದಳು.

ಕೆಲವು ವಾರ ಕಳೆದು ಒಂದು ಸಂಜೆ ಅಪ್ಪ ತಡವಾಗಿ ಬಂದರು. ಕೈಕಾಲು ತೊಳೆದು ನೇರ ಅಡಿಗೆಮನೆಗೆ ಹೋಗಿ ಅಮ್ಮನಿಗೆ, "ಹೋಗಿ ನೋಡ್ಕೊಂಡ್ ಬಂದೆ" ಎಂದರು. ಟೆಂಟಿಗೆ ಹೋದದ್ದು ಅವರ ಜೀವಮಾನದಲ್ಲಿ ಅದೊಂದೇ ಸಲ. "ಕೋಳಿ ಇರೋದು ನಿಜ. ಹಾಡು ಏನೂ ಇಲ್ಲ, ಬರೀ ಗಲಾಟೆ. ನಮ್ಮ ಹುಡುಗಿ ಹೇಳಿದ್ದೇ ಹಾಡು."

"ಅದನ್ನ ಅವಳಿಗೇ ಹೇಳಿ" ಎಂದಳು ಅಮ್ಮ.

ಅವರಿಗೆ ಹೇಳಲಾಗಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು. ಅಕ್ಕ "ಹೌದಾ" ಎಂದು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಮುಂದುವರಿಸಿದಳು. ಅಪ್ಪ ಮತ್ತೆ ಹಾಡಿನ ಪುಸ್ತಕ ತರಲಿಲ್ಲ. ಅಕ್ಕನಿಗೆ ಬೇರೆ ಕಡೆ ಮದುವೆಯಾಯಿತು, ಮಕ್ಕಳಾದವು. ತೊಟ್ಟಿಲಿನ ಹತ್ತಿರವೂ ಅವಳು ಹಾಡುತ್ತಿರಲಿಲ್ಲವಂತೆ, ಸುಮ್ಮನೆ ತೂಗುತ್ತಿದ್ದಳಂತೆ. ಹೋದ ವರ್ಷ ತೀರಿಕೊಂಡಳು.

ಅವಳ ಹಾಡಿನ ಪುಸ್ತಕಗಳು ನನ್ನ ಹತ್ತಿರ ಇವೆ. ಕೆಲವು ಸಂಜೆ ತೆಗೆದು ಕೂರುತ್ತೇನೆ. ನನ್ನ ಮದುವೆಯಾದ ಮೇಲೆ ಮನೆಗೆ ರೇಡಿಯೋ ಬಂತು. ಆ ಹಾಡುಗಳಲ್ಲಿ ಎಷ್ಟೋ ಅದರಲ್ಲಿ ಬರುತ್ತಿದ್ದವು, ಸನ್ಯಾಸಿಯದೂ ಬರುತ್ತಿತ್ತು. ಈಗ ಪುಸ್ತಕ ನೋಡಿ ಹೇಳಲು ಹೋದರೆ ಬಾಯಿಗೆ ರೇಡಿಯೋದ ಧಾಟಿಯೇ ಬರುತ್ತದೆ. ಸಾಹಿತ್ಯವೆಲ್ಲ ಇದೆ. ಅಕ್ಕ ಕಟ್ಟಿದ ಧಾಟಿ ಒಂದೂ ನನಗೆ ನೆನಪಿಲ್ಲ.