ಚಿಕ್ಕಪ್ಪ ಒಣಗಿಸಿದ ಟ್ಯಾಂಕು

ತೊಂಬತ್ತರ ದಶಕದ ಶುರುವಿನಲ್ಲಿ ಅಪ್ಪನೂ ಚಿಕ್ಕಪ್ಪನೂ ಬೇರೆಯಾದಾಗ, ತಾತ ಕೊಂಡಿದ್ದ ಹಳೆಯ ಟ್ರ್ಯಾಕ್ಟರನ್ನು ಮಾತ್ರ ಎರಡು ಮಾಡಲಾಗಲಿಲ್ಲ. ಒಂದು ವಾರ ನಮಗೆ, ಒಂದು ವಾರ ಅವನಿಗೆ, ಡೀಸೆಲ್ ಅವರವರದು. ತನ್ನ ಡೀಸೆಲ್ ಒಂದು ತೊಟ್ಟೂ ನಮಗೆ ದಕ್ಕಬಾರದೆಂಬುದು ಚಿಕ್ಕಪ್ಪನ ಹಟ. ವಾರ ಮುಗಿದಾಗ ಗಾಡಿಯನ್ನು ನಮ್ಮ ಅಂಗಳದಲ್ಲಿ ಇಂಜಿನ್ ಆರಿಸದೆ ನಿಲ್ಲಿಸಿ, ಟ್ಯಾಂಕು ಒಣಗಿ ಇಂಜಿನ್ ಕೆಮ್ಮಿ ಸಾಯುವವರೆಗೂ ಪಕ್ಕದಲ್ಲಿ ಬೀಡಿ ಸೇದುತ್ತ ನಿಲ್ಲುತ್ತಿದ್ದ.

ಹಾಗೆ ಒಣಗಿದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಡೀಸೆಲ್ ಸುರಿದರೂ ಸ್ಟಾರ್ಟ್ ಆಗುವುದಿಲ್ಲ. ಫಿಲ್ಟರಿನ ನಟ್ಟು ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಕೈಪಂಪು ಒತ್ತಬೇಕು. ಪ್ರತಿ ಸಲವೂ ಒತ್ತಿದವನು ನಾನು. ಕೈಗೆ ಎಷ್ಟು ಸೋಪು ತಿಕ್ಕಿದರೂ ಉಣ್ಣುವ ಮುದ್ದೆಯೆಲ್ಲ ಡೀಸೆಲ್ ನಾರುತ್ತಿತ್ತು.

ಒಂದು ಸುಗ್ಗಿಯಲ್ಲಿ, ಗಾಡಿ ಬಿಟ್ಟುಹೋದ ಮಾರನೆಯ ದಿನವೇ ಚಿಕ್ಕಪ್ಪ ಡೀಸೆಲ್ ಕ್ಯಾನು ಹಿಡಿದು ಓಡಿಬಂದ. ಅವನ ರಾಗಿ ಕಣದಲ್ಲಿ ಹರಡಿತ್ತು, ಗಾಡಿ ಹಾಯಿಸಿ ಒಕ್ಕುವುದು ಬಾಕಿಯಿತ್ತು, ಅಕಾಲದ ಮೋಡ ಕವಿದಿತ್ತು. ನಮ್ಮನ್ನು ಒಂದು ಮಾತೂ ಕೇಳದೆ ಡೀಸೆಲ್ ಸುರಿದು, ಹತ್ತಿ ಕೂತು, ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿ ಅರ್ಧ ಇಳಿಸಿದ.

"ಏನ್ಲಾ ಇದು, ಸ್ಟಾರ್ಟೇ ಆಗ್ತಿಲ್ವಲ್ಲ?"

"ಏರ್ ತಗೊಂಡೈತೆ ಚಿಕ್ಕಪ್ಪ."

"ಅದನ್ನ ತೆಗಿಯೋದ್ ಹೆಂಗೆ, ಹೇಳ್ಲಾ."

ಅಷ್ಟು ವರ್ಷಗಳಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು. ಸ್ಪ್ಯಾನರ್ ನನ್ನ ಜೇಬಿನಲ್ಲೇ ಇತ್ತು.

"ಈ ವಾರ ಗಾಡಿ ನಮ್ದು," ಎಂದೆ.

ಬಾನೆಟ್ಟಿನ ಮೇಲೆ ಮೊದಲ ಹನಿ ಬಿತ್ತು. ಅವನು ಕೆಳಗಿಳಿಯುವವರೆಗೆ ಕಾದು, ಸೀಟು ನೆನೆಯದಂತೆ ಗೋಣಿಚೀಲ ಹೊದಿಸಿದೆ.