ಶಶಿಕಲಾ ನೋಡದೇ ಹೋದ ಫೈನಲ್

ಶಶಿಕಲಾ ಮತ್ತು ಅವಳ ತಮ್ಮ ಶಶಿಕುಮಾರ್ ದಿನಕ್ಕೆ ಎರಡು ಸಲ ಭೇಟಿಯಾಗುತ್ತಿದ್ದರು, ಎರಡೂ ಸಲ ಹೊಸ್ತಿಲಲ್ಲೇ. ಮಧ್ಯಾಹ್ನ ಅವನು ಚಪ್ಪಲಿ ಬಿಡುವಾಗ ಅವಳು ಮೆಟ್ಟುತ್ತಿದ್ದಳು. ರಾತ್ರಿ ಅವಳು ಬಿಡುವಾಗ ಅವನು ಮೆಟ್ಟುತ್ತಿದ್ದ. ನಡುವೆ ನಾಲ್ಕು ಮಾತು.

"ಮಾತ್ರೆ ಕೊಟ್ಟಿದೀನಿ. ಅಮ್ಮ ಗಂಜಿ ಅರ್ಧ ಬಿಟ್ಲು. ಬೆನ್ನಿಗೆ ಪೌಡರ್ ಹಾಕೋದು ಮರೀಬೇಡ."

"ಸರಿ ಅಕ್ಕ."

ಒಳಗೆ ಮಂಚದ ಮೇಲೆ ಅವರಮ್ಮ ಇಂದ್ರಮ್ಮ. ಸ್ಟ್ರೋಕ್ ಆಗಿ ನಾಲ್ಕು ವರ್ಷವಾಗಿತ್ತು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಬಹುಪಾಲು ಹೋಗಿ, ಉಳಿದಿದ್ದು 'ಶಶೀ' ಎಂಬ ಕೂಗೊಂದು. ಅದು ಮಗಳಿಗೋ ಮಗನಿಗೋ ಎಂದು ಕರೆದ ರಾಗದಲ್ಲೇ ಗೊತ್ತು ಮಾಡಿಕೊಳ್ಳಬೇಕಿತ್ತು.

ಬಸವೇಶ್ವರನಗರದ ಆ ಪುಟ್ಟ ಮನೆ ಅವರಪ್ಪ ಕೆಂಪಯ್ಯ ರಾಜಾಜಿನಗರದ ಫ್ಯಾಕ್ಟರಿಯೊಂದರಲ್ಲಿ ದುಡಿದು ಕಟ್ಟಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಅಮ್ಮ, ಮಗಳು ಇಬ್ಬರೇ. ಶಶಿಕಲಾಗೆ ಮದುವೆಯಾಗಲಿಲ್ಲ. ಬಂದ ಸಂಬಂಧಗಳು ಒಂದೊಂದು ನೆಪಕ್ಕೆ ತಪ್ಪಿಹೋದವು, ಆಮೇಲೆ ಬರುವುದೇ ನಿಂತಿತು, ಅವಳೂ ಅದರ ಯೋಚನೆ ಬಿಟ್ಟಳು. ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸ. ಅಮ್ಮ ಹಾಸಿಗೆ ಹಿಡಿದ ಮೇಲೆ ಡಾಕ್ಟರನ್ನು ಕೇಳಿಕೊಂಡು ಮಧ್ಯಾಹ್ನದಿಂದ ರಾತ್ರಿಯವರೆಗಿನ ಪಾಳಿ ಹಾಕಿಸಿಕೊಂಡಿದ್ದಳು. ಶಶಿಕುಮಾರ್ ಬಿಎಂಟಿಸಿ ಡ್ರೈವರ್, ಮನೆ ಕೆಂಗೇರಿಯಲ್ಲಿ. ಕತ್ತಲಿರುವಾಗಲೇ ಡಿಪೋಗೆ ಹೋಗಿ ಬೆಳಗಿನ ಪಾಳಿ ಮುಗಿಸಿ, ಯೂನಿಫಾರಂನಲ್ಲೇ ಅಕ್ಕನ ಮನೆಗೆ ಬಂದು ಅಮ್ಮನ ಪಕ್ಕ ಕೂರುತ್ತಿದ್ದ. ಅವನ ಹೆಂಡತಿ ಕುಸುಮಾಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಭಾನುವಾರ ಒಂದೇ ರಜ.

ಯಾರೂ ಯಾರ ಮೇಲೂ ಹೊರೆ ಹಾಕಿರಲಿಲ್ಲ. ಹೇಗೋ ನಡೆಯುತ್ತಿತ್ತು. ಆದರೆ ರಾತ್ರಿಗಳೆಲ್ಲ ಶಶಿಕಲಾಳ ಪಾಲು. ಅಮ್ಮನಿಗೆ ಹಗಲು ಜೊಂಪು, ರಾತ್ರಿ ಎಚ್ಚರ. ಮಗ್ಗುಲು ಬದಲಿಸಬೇಕು, ನೀರು ಬೇಕು, ಏನೂ ಬೇಡದಿದ್ದರೆ ಸುಮ್ಮನೆ ಯಾರಾದರೂ ಇದ್ದಾರೆಂದು ಗೊತ್ತಾಗಬೇಕು. ಶಶಿಕಲಾ ಕ್ಲಿನಿಕ್ಕಿನಲ್ಲಿ ಪೇಷೆಂಟುಗಳ ಹೆಸರು ಕೂಗುತ್ತ ಕೂಗುತ್ತಲೇ ಒಮ್ಮೊಮ್ಮೆ ಯಾರನ್ನು ಕೂಗುತ್ತಿದ್ದೇನೆಂದು ಮರೆಯುತ್ತಿದ್ದಳು. ಅಕ್ಕಪಕ್ಕದವರು ಕೇಳಿದರೆ "ಏನಿಲ್ಲ, ಸ್ವಲ್ಪ ಸುಸ್ತು" ಅನ್ನುತ್ತಿದ್ದಳು.

ಫೈನಲ್ಲಿನ ಸುದ್ದಿ ತಂದವಳು ಶಶಿಕುಮಾರನ ಮಗಳು ವರಲಕ್ಷ್ಮಿ. ಬಿ.ಕಾಂ. ಎರಡನೇ ವರ್ಷ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಎಲ್ಲರಿಗಿಂತ ಗಿಡ್ಡಿ, ಎಲ್ಲರಿಗಿಂತ ಚುರುಕು. ಎಲ್ಲರ ಬಾಯಲ್ಲೂ ವರು.

"ಅತ್ತೆ, ಇಂಟರ್ ಕಾಲೇಜ್ ಫೈನಲ್. ಭಾನುವಾರ ಸಾಯಂಕಾಲ, ನಾಗರಬಾವಿ ಕಡೆ. ನೀವು ಒಂದು ಮ್ಯಾಚೂ ನೋಡಿಲ್ಲ. ಈ ಸಲ ಬರ್ಲೇಬೇಕು."

"ಅಜ್ಜಿನ ಯಾರು ನೋಡ್ಕೋತಾರೆ ಕಣೇ? ನಿಮ್ಮಪ್ಪ ಅಮ್ಮ ಹೋಗ್ಲಿ."

ಜೊತೆಗೆ ಬಂದಿದ್ದ ಕುಸುಮಾ ಅದನ್ನು ಅಲ್ಲಿಗೇ ಮುಗಿಸಿದಳು. "ನಾನು ಸೆಮಿಫೈನಲ್ ನೋಡಿದೀನಿ ಅತ್ತಿಗೆ. ಭಾನುವಾರ ನಾನಿಲ್ಲಿ ಇರ್ತೀನಿ. ನೀವು ಅಕ್ಕ ತಮ್ಮ ಇಬ್ರೂ ಹೋಗಿ ಬನ್ನಿ."

ಭಾನುವಾರ ಮಧ್ಯಾಹ್ನ ಶಶಿಕಲಾ ಕುಸುಮಾಗೆ ಹೇಳಿದ್ದನ್ನೇ ಹೇಳಿದಳು. ಗಂಜಿ ತೆಳ್ಳಗಿರಲಿ, ಒಂದೊಂದೇ ಚಮಚ, ತಲೆ ಎತ್ತಿ ಹಿಡಿ, ಕೆಮ್ಮಿದರೆ ನಿಲ್ಲಿಸು. ಗೇಟಿನ ತನಕ ಹೋಗಿ ಮತ್ತೆ ಬಂದು ಬೆಡ್‌ಪ್ಯಾನ್ ಎಲ್ಲಿದೆಯೆಂದು ತೋರಿಸಿದಳು. ಕುಸುಮಾ ನಗುತ್ತ ಬಾಗಿಲು ಹಾಕಿಕೊಂಡಳು.

ಸ್ಕೂಟರು ಶಶಿಕಲಾಳದ್ದು, ಓಡಿಸಿದವನು ತಮ್ಮ. ಮಾಗಡಿ ರೋಡು ದಾಟಿ ಮೂಡಲಪಾಳ್ಯದ ಇಕ್ಕಟ್ಟಿನಲ್ಲಿ ನುಗ್ಗುವವರೆಗೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಏನು ಮಾತಾಡುವುದು? ಮಾತ್ರೆ, ಮಲ, ಬೆನ್ನಿನ ಹುಣ್ಣು ಬಿಟ್ಟರೆ ತಮ್ಮನ ಜೊತೆ ಮಾತಾಡಲು ತನ್ನ ಹತ್ತಿರ ಬೇರೇನೂ ಇಲ್ಲವೆಂದು ಅವಳಿಗೆ ಆಗಲೇ ಹೊಳೆದದ್ದು. ಕೊನೆಗೆ ಸಿಗ್ನಲ್‌ನಲ್ಲಿ ನಿಂತಾಗ ಕೇಳಿದಳು, "ನಿನ್ನ ಸೊಂಟನೋವು ಹೇಗಿದೆಯೋ?"

"ಇದೆ," ಅಂದ ಅವನು.

ಆಟದ ಅಂಗಳದ ಸುತ್ತ ಗ್ಯಾಲರಿ ಕಟ್ಟಿ ಲೈಟು ಹಾಕಿದ್ದರು. ಒಳಗೆ ಹೋಗುವ ಮೊದಲೇ ತಮಟೆ ಕೇಳಿಸಿತು. ವರು ಕಾಲೇಜಿನ ಹುಡುಗರು ಒಂದು ಕಡೆ, ಎದುರಾಳಿ ಜಯನಗರದ ಕಾಲೇಜಿನವರು ಇನ್ನೊಂದು ಕಡೆ, ಕಾಲಿಡಲು ಜಾಗವಿಲ್ಲ. ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗನೊಬ್ಬ ಯೂನಿಫಾರಂ ಇಲ್ಲದ ಶಶಿಕುಮಾರನನ್ನೂ ಕಾಟನ್ ಸೀರೆಯ ಶಶಿಕಲಾಳನ್ನೂ ನೋಡಿ, "ಯಾರ ಕಡೆ ಆಂಟಿ?" ಎಂದು ಕೇಳಿದ.

"ವರಲಕ್ಷ್ಮಿ ಅತ್ತೆ ನಾನು."

"ಏಯ್, ವರು ಅತ್ತೆ ಅಂತೆ, ಜಾಗ ಬಿಡ್ರೋ ಮಗಾ!" ಎಂದು ಅವನು ಕೂಗಿದ. ಇಡೀ ಸಾಲು ಸರಿದು ನಡುವೆ ಜಾಗ ಮಾಡಿತು. ಯಾರೋ ಎಳೆನೀರು ಕೊಟ್ಟಷ್ಟು ಹಿತವಾಯಿತು ಅವಳಿಗೆ. ವರು ಅತ್ತೆ. ತನಗೆ ಹೀಗೊಂದು ಹೆಸರಿದೆಯೆಂದು ಗೊತ್ತೇ ಇರಲಿಲ್ಲ.

ಹುಡುಗಿಯರು ಅಂಗಳಕ್ಕೆ ಓಡಿ ಬಂದಾಗ ವರುವನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಮನೆಗೆ ಬಂದರೆ ಮೊಬೈಲ್ ಹಿಡಿದು ಅಜ್ಜಿಯ ಕಾಲ ಬುಡದಲ್ಲಿ ಮುದುಡಿ ಕೂರುವ ಹುಡುಗಿ ಇಲ್ಲಿ ಎದೆ ಸೆಟೆಸಿ, ಬೆರಳು ತೋರಿಸಿ, ತನಗಿಂತ ಎರಡು ತಲೆ ಎತ್ತರದವರನ್ನು ಎಲ್ಲಿ ನಿಲ್ಲಬೇಕೆಂದು ನಿಲ್ಲಿಸುತ್ತಿದ್ದಳು. ಚೆಂಡು ಅವಳ ಕೈಯಿಂದ ನೆಲಕ್ಕೆ, ನೆಲದಿಂದ ಕೈಗೆ, ಹೇಳಿದ ಮಾತು ಕೇಳುವ ಹಾಗೆ ಪುಟಿಯುತ್ತಿತ್ತು. ಮೊದಲ ಬ್ಯಾಸ್ಕೆಟ್ ಬಿದ್ದಾಗ ಶಶಿಕಲಾ ತನಗರಿವಿಲ್ಲದೆ ಎದ್ದು ನಿಂತು ಕಿರುಚಿದಳು. ತಮ್ಮ ಬೆರಗಾಗಿ ನೋಡಿದ. ಅವಳು ನಾಚಿ ಕೂತಳು, ಇನ್ನೊಂದು ಬಿದ್ದಾಗ ಮತ್ತೆ ಎದ್ದಳು.

ಅರ್ಧ ಆಟ ಮುಗಿದು ವಿರಾಮ ಬಂತು. ತಮಟೆಯವರೂ ಸುಮ್ಮನಾದರು. ಶಶಿಕಲಾ ಕುಸುಮಾಗೆ ಫೋನು ಮಾಡಿದಳು. "ಚೆನ್ನಾಗಿದಾರೆ ಅತ್ತಿಗೆ, ನಿದ್ದೆ ಮಾಡ್ತಿದಾರೆ," ಅಂದಳು ಕುಸುಮಾ. ಫೋನು ಬ್ಯಾಗಿಗೆ ಹಾಕಿ ಶಶಿಕಲಾ ಕಾಲು ಚಾಚಿದಳು. ಬೆನ್ನಿಗೆ ಹಿಂದಿನ ಮೆಟ್ಟಿಲು ಸಿಕ್ಕಿತು. ಸಂಜೆಯ ಗಾಳಿ ಬೀಸುತ್ತಿತ್ತು. ಈಗ ತನ್ನನ್ನು ಯಾರೂ ಕರೆಯುವುದಿಲ್ಲ ಅಂದುಕೊಂಡಳು. ಅಷ್ಟೇ ಅವಳಿಗೆ ನೆನಪಿದ್ದದ್ದು.

ಎಚ್ಚರವಾದಾಗ ಎಲ್ಲರೂ ಎದ್ದು ನಿಂತಿದ್ದರು. ಅಕ್ಕಪಕ್ಕ ಬರೀ ಕಾಲುಗಳು. ತಮಟೆ ಬಡಿತ ಆಚೆ ಕಡೆಯಿಂದ ಬರುತ್ತಿತ್ತು, ಈ ಕಡೆ ಸದ್ದಿರಲಿಲ್ಲ. ಅವಳ ತಲೆ ತಮ್ಮನ ಹೆಗಲ ಮೇಲಿತ್ತು. ಅವನ ಅಂಗಿಯ ತೋಳು ಅವಳ ಜೊಲ್ಲಿನಿಂದ ಒದ್ದೆಯಾಗಿತ್ತು.

"ಏನಾಯ್ತೋ?"

"ಮುಗೀತು. ಸೋತ್ರು. ಸ್ವಲ್ಪದ್ರಲ್ಲಿ ತಪ್ಪೋಯ್ತು."

"ಎಲ್ಲಾ ಮುಗೀತಾ?" ಅವಳಿಗೆ ಅಳು ಬರುವ ಹಾಗಾಯಿತು. "ಯಾಕೋ ಎಬ್ಬಿಸ್ಲಿಲ್ಲ? ಮಗು ಅಷ್ಟು ಆಸೆಯಿಂದ ಕರೆದಿತ್ತು. ಒಂದು ಸಲ ಅಲ್ಲಾಡಿಸೋಕಾಗ್ಲಿಲ್ವಾ ನಿಂಗೆ?"

"ಅಲ್ಲಾಡಿಸ್ದೆ ಅಕ್ಕ. ನೀನು ಕಣ್ಣು ಮುಚ್ಕೊಂಡೇ, 'ಬಂದೆ ಅಮ್ಮ, ಬಂದೆ' ಅಂದೆ. ಮತ್ತೆ ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಅವನ ತೋಳನ್ನೂ ಒರೆಸಲು ಹೋದಳು. ಅವನು "ಬಿಡು" ಅಂದು ಹೆಗಲು ತಿರುವಿ ತಿರುವಿ ಜೋಮು ಬಿಡಿಸಿಕೊಂಡ.

ವರು ಬ್ಯಾಗು ಎಳೆದುಕೊಂಡು ಬಂದಳು. ಮಂಡಿ ತರಚಿತ್ತು, ಅತ್ತು ಕಣ್ಣು ಕೆಂಪಾಗಿತ್ತು. ಶಶಿಕುಮಾರ್ ಮೊದಲೇ ಬಾಯಿ ಹಾಕಿದ. "ನಿಮ್ಮತ್ತೆ ಕಿರುಚಿ ಕಿರುಚಿ ಗಂಟಲೇ ಹೋಗಿದೆ ನೋಡು."

ವರು ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಳುವ ಮುಖದಲ್ಲೇ ನಗು ಬಂತು. "ಸುಳ್ಳು ಹೇಳ್ಬೇಡಿ ಅಪ್ಪ. ಅಷ್ಟು ಜನ ಎದ್ದು ಕುಣೀತಿದಾರೆ, ನಡುವೆ ಇಬ್ಬರೇ ಕೂತಿದೀರ. ಕೋರ್ಟಿಂದ ಕಾಣ್ಸಲ್ವಾ? ನಮ್ಮ ಕೋಚ್ ಕೂಡ ಕೇಳಿದ್ರು, ಯಾರದು ಅಂತ."

"ತಪ್ಪಾಯ್ತು ಕಣೇ ವರು," ಅಂದಳು ಶಶಿಕಲಾ.

"ಅಯ್ಯೋ ಅತ್ತೆ, ಬಿಡಿ. ನೀವು ನಿದ್ದೆ ಮಾಡಿದ್ದು ನಾನು ಇವತ್ತೇ ನೋಡಿದ್ದು." ಹುಡುಗಿ ಅವಳನ್ನು ತಬ್ಬಿಕೊಂಡಳು. ಮೈಯೆಲ್ಲ ಬೆವರು, ಧೂಳು. ಟೀಮಿನವರು ಕರೆದರು, ವರು ಹೊರಟುಹೋದಳು.

ಅಲ್ಲೇ ಮೂಲೆಯ ದರ್ಶಿನಿಯಲ್ಲಿ ಅಕ್ಕ-ತಮ್ಮ ನಿಂತು ಕಾಫಿ ಕುಡಿದರು. ಕುಡಿಯುತ್ತ ಶಶಿಕುಮಾರ್ ತಾನಾಗಿಯೇ ಮ್ಯಾಚು ಹೇಳತೊಡಗಿದ. ಆಟದ ನಿಯಮ ಅವನಿಗೂ ಗೊತ್ತಿರಲಿಲ್ಲ, ಕಂಡದ್ದನ್ನು ಹೇಳಿದ. ಆ ಕಡೆಯ ಎತ್ತರದ ಹುಡುಗಿಯೊಬ್ಬಳು ಗೋಡೆಯ ಹಾಗೆ ಅಡ್ಡ ನಿಂತಿದ್ದಳಂತೆ. ವರು ಅವಳ ಕಂಕುಳಡಿಯಿಂದ ತೂರಿ ಹೋಗಿ ಚೆಂಡು ಹಾಕಿದಳಂತೆ. "ಮಾರ್ಕೆಟ್‌ನಲ್ಲಿ ಲಾರಿ ಪಕ್ಕ ನಾವು ಬಸ್ ತೂರಿಸ್ತೀವಲ್ಲ ಅಕ್ಕ, ಹಂಗೆ. ಕನ್ನಡಿಗೂ ತಾಗ್ಸಲ್ಲ." ಆಮೇಲೆ ಬಿದ್ದು ಮಂಡಿ ಕಿತ್ತುಕೊಂಡಳಂತೆ. ಅವನು ಎದ್ದು ಓಡಬೇಕೆಂದುಕೊಂಡನಂತೆ, ಆದರೆ ಹೆಗಲ ಮೇಲೆ ಅಕ್ಕನ ತಲೆ. "ಅಲ್ಲಿಂದಾನೇ 'ವರೂ' ಅಂತ ಮೆಲ್ಲಗೆ ಕೂಗ್ದೆ. ಯಾರಿಗೆ ಕೇಳಿಸ್ಬೇಕು?"

ಶಶಿಕಲಾ ನಕ್ಕಳು. ತಮ್ಮ ಒಂದೇ ಸಮನೆ ಇಷ್ಟು ಹೊತ್ತು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಲೋಟ ಕೆಳಗಿಟ್ಟು ಅವನು ರಸ್ತೆಯ ಕಡೆ ನೋಡುತ್ತ ಹೇಳಿದ. "ಅಕ್ಕ, ಶನಿವಾರ ರಾತ್ರಿ ನಾನು, ಕುಸುಮಾ ನಿನ್ನ ಮನೆಗೆ ಬಂದು ಮಲ್ಕೋತೀವಿ. ನೀನು ಕೆಂಗೇರಿಗೆ ಹೋಗು. ವರು ರೂಮಲ್ಲಿ ಮಲ್ಕೋ. ಭಾನುವಾರ ಸಾಯಂಕಾಲ ಬಾ."

"ಬೇಡಪ್ಪ. ರಾತ್ರಿ ನಿನ್ನ ಕೈಲಾಗಲ್ಲ. ಬೆಳಗ್ಗೆ ಎದ್ದು ಬಸ್ ಓಡಿಸೋನು ನೀನು."

"ಭಾನುವಾರ ನಂಗೆ ವಾರದ ರಜ ಅಲ್ವಾ?"

"ಕುಸುಮಾಗೆ ಇರೋದು ಒಂದು ದಿನ. ಆ ಹುಡುಗಿಗೆ ಯಾಕೆ ಸುಮ್ನೆ?"

"ಅವಳೇ ಹೇಳಿದ್ದು. ನಾನು ಹೇಳೋಕೆ ಹೆದರ್ತಿದ್ದೆ, ನೀನೆಲ್ಲಿ ಬೇಜಾರು ಮಾಡ್ಕೋತೀಯೋ ಅಂತ." ಅವನು ಅವಳ ಕಡೆ ತಿರುಗಿದ. "ಇವತ್ತು ನೋಡಿದ್ನಲ್ಲ ಅಕ್ಕ. ತಮಟೆ ಕಿವಿ ಪಕ್ಕದಲ್ಲಿ ಹೊಡೀತಿದ್ರು. ನೀನು ಸತ್ತೋರ ಹಂಗೆ ಮಲಗಿದ್ದೆ. ನಂಗೆ ಭಯ ಆಯ್ತು. ಮೂಗಿನ ಹತ್ರ ಬೆರಳಿಟ್ಟು ನೋಡ್ದೆ."

ಮನೆ ತಲುಪಿದಾಗ ಇಂದ್ರಮ್ಮನ ಬಾಯಿ ಒರೆಸಿ, ತಲೆ ಬಾಚಿ, ಕುಸುಮಾ ಮಂಚದ ಪಕ್ಕ ಕೂತು ಟೀವಿ ನೋಡುತ್ತಿದ್ದಳು. ತನ್ನಷ್ಟು ಚೆನ್ನಾಗಿ ಇನ್ನೊಬ್ಬರು ನೋಡಿಕೊಳ್ಳಬಲ್ಲರೆಂದು ಕಂಡಾಗ ಶಶಿಕಲಾಗೆ ನೆಮ್ಮದಿಯ ಜೊತೆ ಏನೋ ಕಸಿವಿಸಿಯೂ ಆಯಿತು.

ಮುಂದಿನ ಶನಿವಾರ ಅವಳು ಕೆಂಗೇರಿಗೆ ಹೋದಳು. ನಿದ್ದೆ ಬರಲಿಲ್ಲ. ದೂರದಲ್ಲಿ ರೈಲು ಹೋದಾಗಲೆಲ್ಲ ಎದ್ದು ಕೂತಳು, ಕತ್ತಲಲ್ಲಿ ಅಮ್ಮನ ಮಂಚಕ್ಕಾಗಿ ಕೈಯಾಡಿಸಿದಳು. ಪಕ್ಕದಲ್ಲಿ ವರು ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಬೆಳಗಿನ ಜಾವ ಹೇಗೋ ಕಣ್ಣು ಹತ್ತಿತು. ಎದ್ದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು, ಮೈಕೈ ಹೊಡೆಸಿಕೊಂಡವರ ಹಾಗೆ ನೋಯುತ್ತಿತ್ತು. ವರು ಅವಲಕ್ಕಿ ಒಗ್ಗರಣೆ ಮಾಡಿ ಮುಚ್ಚಿಟ್ಟು ಪ್ರಾಕ್ಟೀಸಿಗೆ ಹೋಗಿದ್ದಳು. ಆರಿದ ಅವಲಕ್ಕಿಯನ್ನು ಶಶಿಕಲಾ ಕಿಟಕಿ ಪಕ್ಕ ಕೂತು ನಿಧಾನವಾಗಿ ತಿಂದಳು, ಆಮೇಲೆ ಮತ್ತೆ ಮಲಗಿದಳು.

ಸಂಜೆ ಮನೆಗೆ ಬಂದಾಗ ಇಂದ್ರಮ್ಮ ಅವಳ ಮುಖ ನೋಡಲಿಲ್ಲ. ಗಂಜಿಯ ಚಮಚ ಬಾಯಿಗೆ ತಂದರೆ ತುಟಿ ಬಿಗಿದಳು. ಮಗ ಕೊಟ್ಟರೆ ಕುಡಿದಳು. "ಅಮ್ಮಂಗೆ ಕೋಪ," ಅಂದ ಶಶಿಕುಮಾರ್. ಆ ಕೋಪ ವಾರವಿಡೀ ಇಳಿಯಲಿಲ್ಲ. ರಾತ್ರಿ ಮಾತ್ರ ಯಥಾಪ್ರಕಾರ ಕರೆ ಬರುತ್ತಿತ್ತು, ಶಶಿಕಲಾ ಏಳುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು. ಇಂದ್ರಮ್ಮ ಗೋಡೆ ನೋಡುತ್ತಿದ್ದಳು.

"ಈ ವಾರ ಬಿಡೋಣ್ವಾ?" ಎಂದು ಶುಕ್ರವಾರ ತಮ್ಮನನ್ನು ಕೇಳಿದಳು.

"ನೀನೇ ಹೇಳು ಅಕ್ಕ."

ಅವಳು ಒಂದು ದಿನವೆಲ್ಲ ಯೋಚಿಸಿದಳು. ಶನಿವಾರ ಕ್ಲಿನಿಕ್ಕಿನಿಂದ ಬಂದವಳೇ ಅಮ್ಮನ ಎದುರಿಗೇ ಬ್ಯಾಗಿಗೆ ಒಂದು ಸೀರೆ, ಟವೆಲು ತುಂಬಿದಳು. ಕದ್ದು ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ಮಂಚದ ಅಂಚಿನಲ್ಲಿ ಕೂತು ಅಮ್ಮನ ಎಡಗೈ ಹಿಡಿದಳು.

"ಅಮ್ಮ, ನಂಗೆ ಆಗ್ತಾ ಇಲ್ಲ. ಒಂದು ರಾತ್ರಿ ಮಲಗಿ ಬರ್ತೀನಿ. ನಾಳೆ ಸಾಯಂಕಾಲ ಇಲ್ಲೇ ಇರ್ತೀನಿ."

ಇಂದ್ರಮ್ಮ ಕೈ ಬಿಡಿಸಿಕೊಳ್ಳಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಶಶಿಕಲಾ ಕಾದಳು. ಆಮೇಲೆ ಆ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಇಟ್ಟು, ದಿಂಬು ಸರಿಮಾಡಿ, ಎದ್ದಳು. ಹೊರಗೆ ಶಶಿಕುಮಾರ್ ಅವಳಿಗಾಗಿ ಆಟೋ ನಿಲ್ಲಿಸಿದ್ದ.