ನಡು ದರದ ಮ್ಯಾಂಡೊಲಿನ್ ಮತ್ತು ನನ್ನ ಕಿವಿ

ಶನಿವಾರ, ಬೆಳಗಿನ ಹತ್ತು ಗಂಟೆ. ಸ್ಥಳ, ಹುಮನಾಬಾದಿನ ಪೇಟೆಯಲ್ಲಿರುವ ವಾದ್ಯಗಳ ಅಂಗಡಿ. ಹಾಜರಿದ್ದವರು ನಾನು, ಗೆಳತಿ ಸುಲೋಚನಾ, ಅಂಗಡಿಯ ಖಾಜಾಮಿಯಾ. ವಾರ್ಡಿನಲ್ಲಿ ಡ್ಯೂಟಿ ವಹಿಸಿಕೊಳ್ಳುವಾಗ ಹೀಗೆ ಬರೆದಿಡುವುದು ನರ್ಸುಗಳ ಅಭ್ಯಾಸ. ನಾನು ನಿವೃತ್ತಳಾದರೂ ಅದು ನಿವೃತ್ತವಾಗಿಲ್ಲ, ಸಹಿಸಿಕೊಳ್ಳಿ.

ಖಾಜಾಮಿಯಾ ಮೂರು ಮ್ಯಾಂಡೊಲಿನ್‌ಗಳನ್ನು ಮೇಜಿನ ಮೇಲಿಟ್ಟ. ನನ್ನ ಕೈಗೆ ಕೊಡುವ ಮುಂಚೆ ಒಂದರ ಕೊರಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಂಗಡಿಯಲ್ಲಿರಲಿಲ್ಲ. ನರ್ಸಿಂಗ್ ಹಾಸ್ಟೆಲಿನ ವರಾಂಡದಲ್ಲಿದ್ದೆ.

ಅಲ್ಲಿ ಎಲ್ಲಕ್ಕೂ ಗಂಟೆ ಬಾರಿಸುತ್ತಿತ್ತು. ಏಳಲು, ಉಣ್ಣಲು, ಕೈ ತೊಳೆಯಲು. ಶನಿವಾರ ಸಂಜೆಯ ಒಂದು ತಾಸಿಗೆ ಮಾತ್ರ ಗಂಟೆಯಿರಲಿಲ್ಲ. ಆಗ ನಮಗೆ ಪಾಠ ಹೇಳುತ್ತಿದ್ದ ಅಮೆರಿಕದ ಮಿಸ್ ಸಾಹೇಬರು ವರಾಂಡದ ಕಟ್ಟೆಯ ಮೇಲೆ ಕೂತು ಮ್ಯಾಂಡೊಲಿನ್ ನುಡಿಸುತ್ತಿದ್ದರು. ಅವರ ಊರಿನ ಬೆಟ್ಟದ ಜನರ ಸಂಗೀತವಂತೆ, ಬ್ಲೂಗ್ರಾಸ್ ಎಂದು ಹೆಸರಂತೆ. ಇಳಿಜಾರಿನಲ್ಲಿ ಎತ್ತು ಬೆದರಿ ಗಾಡಿ ಎಳೆದುಕೊಂಡು ಓಡಿದ ಹಾಗಿರುತ್ತಿತ್ತು. ಆದರೆ ಗಾಡಿ ಎಲ್ಲಿಯೂ ಮಗುಚುತ್ತಿರಲಿಲ್ಲ. ಹಗಲೆಲ್ಲ ಹಾಸಿಗೆಯ ಮೂಲೆ ಸರಿಯಾಗಿ ಮಡಚಿಲ್ಲವೆಂದು ಬಯ್ಯುವ ಹೆಂಗಸು ಇವರೇನಾ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ನನಗೆ ಕಲಿಸಿದರು. ಊರಿಗೆ ಮರಳುವಾಗ ಆ ವಾದ್ಯವನ್ನೂ ನನಗೇ ಕೊಟ್ಟರು. ಜೊತೆಗೆ ಒಂದು ನಿಯಮ: ಅದರ ನಾಲ್ಕು ಜೋಡಿ ತಂತಿಗಳನ್ನು ಬದಲಿಸುವಾಗ ಒಂದು ಜೋಡಿ ಬಿಚ್ಚಬೇಕು, ಆ ಜೋಡಿ ಕಟ್ಟಬೇಕು, ಆಮೇಲೆ ಮುಂದಿನದು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾರಣ ಕೇಳುವ ಹಾಸ್ಟೆಲ್ ಅದಾಗಿರಲಿಲ್ಲ.

ಮುಂದೆ ಕೆಲಸದ ಮೇಲೆ ಬಸವಕಲ್ಯಾಣಕ್ಕೆ ಬಂದೆ, ಇಲ್ಲೇ ಉಳಿದೆ. ಪಕ್ಕದ ಮನೆಗೆ ನಾರಾಯಣಪುರದಿಂದ ಸೊಸೆಯಾಗಿ ಬಂದವಳು ಸುಲೋಚನಾ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ತತ್ವಪದ ಹಾಡುತ್ತಿದ್ದಳು. ಒಂದು ಸಂಜೆ ನಾನು ಒಳಗಿನಿಂದಲೇ ಮ್ಯಾಂಡೊಲಿನ್ ಕೂಡಿಸಿದೆ. ಅಂದಿನಿಂದ ಸೋಮವಾರದ ಭಜನೆಯಲ್ಲಿ ಅವಳ ದನಿ, ನನ್ನ ತಂತಿ. ಅಮೆರಿಕದ ಬೆಟ್ಟದ ಪೆಟ್ಟು ತತ್ವಪದಕ್ಕೆ ಹೇಗೆ ಹೊಂದಿತು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ, ಹೊಂದಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ಸಲ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಾನು ಮ್ಯಾಂಡೊಲಿನ್ನಿನ ಎಂಟೂ ತಂತಿಗಳನ್ನು ಒಮ್ಮೆಗೇ ಬಿಚ್ಚಿ, ಇಡೀ ವಾದ್ಯವನ್ನು ಒರೆಸಿ, ಮತ್ತೆ ಕಟ್ಟಿದೆ. ಹಬ್ಬ ಮುಗಿದ ಮೇಲೆ ನುಡಿಸಿದರೆ ಸ್ವರ ಹುಳಿಹುಳಿ, ಶ್ರುತಿ ತಪ್ಪಿದ್ದು. ಬೆರಳಿಡದೆ ಬಿಟ್ಟ ತಂತಿ ಸರಿ, ಕೊರಳಿನ ಮೇಲೆ ಬೆರಳು ಏರಿದಂತೆಲ್ಲ ಹುಳಿ ಹೆಚ್ಚು. ಸುಲೋಚನಾಳನ್ನು ಕರೆದು ಹಾಡಿಸಿದೆ. ಅವಳ ದನಿ ನನ್ನ ತಂತಿಗೆ ಕೂದಲೆಳೆಯಷ್ಟೂ ಬಿಡದೆ ಕೂತಿತು.

"ಸ್ವರ ಸರಿ ಅದ ಏನಽ?" ಎಂದು ಕೇಳಿದೆ.

"ಸರಿನೇ ಅದ. ಯಾಕ?"

ಯಾಕೆ ಎಂದರೆ, ನನಗೆ ಎರಡೂ ಹುಳಿಯಾಗಿ ಕೇಳುತ್ತಿದ್ದವು. ಹಾಡುವವಳು ಸರಿ, ವಾದ್ಯ ಅವಳಿಗೆ ಸರಿ. ಉಳಿದದ್ದು ನನ್ನ ಕಿವಿ. ಈ ವಯಸ್ಸಿನಲ್ಲಿ ಕಣ್ಣು ಹೋದರೆ ಕನ್ನಡಕ ಉಂಟು, ಹಲ್ಲು ಹೋದರೆ ಸೆಟ್ ಉಂಟು. ಸ್ವರ ತಿಳಿಯುವ ಕಿವಿ ಹೋದರೆ ಏನು ಹಾಕಿಸಿಕೊಳ್ಳುವುದು? ಊರವರನ್ನೆಲ್ಲ ಬಯ್ದು ಡಾಕ್ಟರ ಬಳಿ ಕಳಿಸಿದವಳು ನಾನು ಮಾತ್ರ ಹೋಗಲಿಲ್ಲ. ಸೋಮವಾರದ ಜಾಗ ಬಿಡಬೇಕಾದೀತೆಂದು ರಾತ್ರಿ ಮಗ್ಗುಲು ಬದಲಿಸುತ್ತಿದ್ದೆ. ಕೊನೆಗೆ, ಜೋರು ದನಿಯ ಹೊಸ ವಾದ್ಯವಾದರೆ ಸ್ಪಷ್ಟವಾಗಿ ಕೇಳೀತು ಎಂದು ಆಸೆ ಹುಟ್ಟಿತು. ಹಳೆಯದನ್ನು ಬದಲಿಗೆ ಕೊಡೋಣವೆಂದು ಹೆಗಲಿಗೆ ಹಾಕಿಕೊಂಡು, ಸುಲೋಚನಾಳನ್ನು ಕರೆದುಕೊಂಡು ಬಸ್ ಹತ್ತಿದೆ.

"ಸಿಸ್ಟರ್ ಬಾಯಿ, ಇದನ್ನ ನೋಡ್ರಿ," ಎಂದು ಖಾಜಾಮಿಯಾ ಎಲ್ಲಕ್ಕಿಂತ ದುಬಾರಿಯದನ್ನು ಮುಂದೆ ತಳ್ಳಿದ. ಭುಜದ ಹತ್ತಿರ ಕಟ್ಟಿಗೆಯನ್ನು ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಕೊರೆದಿದ್ದರು. "ಆವಾಜ್ ಹ್ಯಾಂಗದ ಅಂದ್ರ ಬಸ್‌ಸ್ಟ್ಯಾಂಡ್ ತನಕ ಹೋಗ್ತದ."

"ಬಸ್‌ಸ್ಟ್ಯಾಂಡಿನಾಗ ಯಾರು ಕುಂತಾರ ನಮ್ಮ ಪದ ಕೇಳಾಕ?" ಎಂದಳು ಸುಲೋಚನಾ.

ನಾನು ವಾದ್ಯ ನೋಡುವ ಕ್ರಮ ಒಂದೇ. ಮೊದಲು ಕೊರಳನ್ನು ಕಣ್ಣಿಗೆ ಹಿಡಿದು ಬಾಗಿದೆಯೇ ನೋಡುವುದು. ಆಮೇಲೆ ತಂತಿ ಎಷ್ಟು ಎತ್ತರದಲ್ಲಿದೆ, ತಂತಿ ಬಿಗಿಯುವ ಬಿರಡೆ ತಿರುವಿದರೆ ಜಾರುತ್ತದೆಯೇ ನೋಡುವುದು. ಕೊನೆಗೆ ಬಿಟ್ಟ ತಂತಿ ಮೀಟಿ, ಕೊರಳಿನ ಲೋಹದ ಪಟ್ಟಿಗಳಲ್ಲಿ ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿ ಮೀಟುವುದು. ಕೆಳಗಿನ ಷಡ್ಜವೂ ಮೇಲಿನ ಷಡ್ಜವೂ ಒಂದೇ ಮನೆಯವರಂತೆ ಕೇಳಬೇಕು.

ಅಗ್ಗದ್ದು ಕೆಂಪು ಬಣ್ಣದ್ದು. ತಂತಿ ಎಷ್ಟು ಎತ್ತರವಿತ್ತೆಂದರೆ ಬೆರಳು ಒತ್ತುವಷ್ಟರಲ್ಲಿ ಪದ ಮುಗಿಯುತ್ತಿತ್ತು. ಹನ್ನೆರಡನೆಯ ಮೆಟ್ಟಿಲಲ್ಲಿ ಹುಳಿ. ಸುರುಳಿಯದು ದನಿ ದೊಡ್ಡದು, ಆದರೆ ಅದರಲ್ಲೂ ಸ್ವಲ್ಪ ಹುಳಿ ಕೇಳಿಸಿತು. ಜೋರಾದರೂ ಅಷ್ಟೇ ಅಂದಮೇಲೆ ಕಿವಿಯ ಕಥೆ ಮುಗಿಯಿತಲ್ಲ. ಬಿಟ್ಟು ಏಳುವುದು ಸರಿಯಲ್ಲವೆಂದು ಮೂರನೆಯದನ್ನೂ ಎತ್ತಿಕೊಂಡೆ. ನಡು ದರದ್ದು, ಕೆತ್ತನೆಯಿಲ್ಲದ್ದು, ನೀರಿನ ಹನಿಯಂಥ ಆಕಾರದ್ದು. ಬಿಟ್ಟ ತಂತಿ ಮೀಟಿದೆ. ಹನ್ನೆರಡನೆಯದನ್ನು ಒತ್ತಿದೆ.

ಚೊಕ್ಕ ಷಡ್ಜ. ಮತ್ತೆ ಮೀಟಿದೆ. ಮತ್ತೆ ಚೊಕ್ಕ.

ನೀವೇ ಹೇಳಿ, ಥರ್ಮಾಮೀಟರ್ ಕೆಟ್ಟಿದ್ದರೆ ವಾರ್ಡಿನವರಿಗೆಲ್ಲ ಜ್ವರ ತೋರಿಸಬೇಕು. ಒಬ್ಬರಿಗೆ ಇಲ್ಲ, ಇನ್ನೊಬ್ಬರಿಗೆ ಇದೆ ಎಂದು ತೋರಿಸಿದರೆ ಜ್ವರ ರೋಗಿಗೆ, ಥರ್ಮಾಮೀಟರಿಗಲ್ಲ. ಹಳೆಯ ಮ್ಯಾಂಡೊಲಿನ್ನನ್ನು ಚೀಲದಿಂದ ತೆಗೆದು ಈ ನಡು ದರದ್ದರ ಪಕ್ಕದಲ್ಲಿ ಮಲಗಿಸಿದೆ.

ತಂತಿಗಳನ್ನು ಎತ್ತಿ ಹಿಡಿಯುವ ಕಟ್ಟಿಗೆಯ ತುಂಡಿಗೆ ನಾವು ಕುದುರೆ ಅನ್ನುತ್ತೇವೆ. ಅದನ್ನು ಯಾರೂ ಅಂಟಿಸಿರುವುದಿಲ್ಲ, ತಂತಿಯ ಬಿಗಿಗೆ ನಿಂತಿರುತ್ತದೆ, ಜಾಗ ತಪ್ಪಿದರೆ ಮೇಲಿನ ಸ್ವರಗಳು ಕೆಡುತ್ತವೆ. ಹೊಸದರಲ್ಲಿ ಅದು ತುಸು ಓರೆಯಾಗಿ ನಿಂತಿತ್ತು. ನನ್ನದರಲ್ಲಿ ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ಅಳತೆಪಟ್ಟಿ ಇಟ್ಟವಳು ನಾನೇ. ದೀಪಾವಳಿಗೆ ಮಿಸ್ ಸಾಹೇಬರ ನಿಯಮ ಮುರಿದು ಎಂಟೂ ತಂತಿ ಬಿಚ್ಚಿದಾಗ ಅದು ಕೈಗೆ ಬಂದಿತ್ತು. ಅದರ ಕೆಳಗೆ ಮಸುಕಾದ ಓರೆ ಗುರುತು ಕಂಡು, ಇಷ್ಟು ವರ್ಷ ಇದು ಸೊಟ್ಟಗೆ ನಿಂತಿತ್ತೇ ಎಂದು ನಾಚಿಕೆಪಟ್ಟು, ಗುರುತನ್ನು ತಿಕ್ಕಿ ಅಳಿಸಿ, ಹಾಸಿಗೆಯ ಮೂಲೆ ಮಡಚಿದ ಹಾಗೆ ನೇರ ಮಾಡಿ ಕೂಡಿಸಿದ್ದೆ.

ತಂತಿ ಸಡಿಲಿಸಿ, ಕುದುರೆಯನ್ನು ಎಳ್ಳಷ್ಟು ಹಿಂದಕ್ಕೆ ಸರಿಸಿ, ಓರೆ ಮಾಡಿ, ಬಿಗಿದು ಮೀಟಿದೆ. ಸರಿಯಾಗಲಿಲ್ಲ. ಮತ್ತೆ ಸರಿಸಿದೆ. ಅಂಗಡಿಗೆ ಬಂದ ಇಬ್ಬರು ಗಿರಾಕಿಗಳು ನಿಂತು ನೋಡಿ ಹೋದರು. ಕೊನೆಗೆ ಎರಡು ಷಡ್ಜಗಳೂ ಕೂಡಿದವು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಎದೆಯ ಮೇಲಿಂದ ಯಾರೋ ಗೋಣಿಚೀಲ ಇಳಿಸಿದಂತಾಯಿತು.

"ಕಿವಿ ಛಲೋ ಅದ ನಂದು," ಎಂದೆ.

ಸುಲೋಚನಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾರ ಹೊಸಾದು ಬ್ಯಾಡೇನ್ರಿ?" ಖಾಜಾಮಿಯಾನ ಮುಖ ಸಣ್ಣದಾಯಿತು.

"ಬೇಕು. ಈ ನಡೂದು ಕಟ್ಟಿಕೊಡ್ರಿ. ಕಿವಿ ಪರೀಕ್ಷೆ ಮಾಡ್ಯದ, ಡಾಕ್ಟರ್ ಫೀಸು ಅಂತ ತಿಳಕೋತೀನಿ."

"ದೊಡ್ಡ ಡಾಕ್ಟರ್‌ನ ತಗೋಬಹುದಿತ್ತು," ಎಂದ ಅವನು, ಸುರುಳಿಯದನ್ನು ಬೇಸರದಿಂದ ಕಪಾಟಿಗೆ ಇಡುತ್ತ.

ಸಂಜೆ ಬಸವಕಲ್ಯಾಣದ ನನ್ನ ಮನೆಯಲ್ಲಿ ಹೊಸದನ್ನು ಶ್ರುತಿ ಮಾಡಿ, ಎಂದಿನ ಪದ ಎತ್ತಿಕೊಂಡೆ. ಸುಲೋಚನಾ ಹಾಡಿದಳು. ಮೊದಲ ಸಾಲು ಸರಿ. ಎರಡನೆಯ ಸಾಲಿನಲ್ಲಿ ದನಿ ಮೇಲೇರುವಲ್ಲಿ ಅವಳೇ ಹುಳಿಯಾದಳು. ನಿಲ್ಲಿಸಿದಳು. ಮತ್ತೆ ಹಾಡಿದಳು, ಮತ್ತೆ ಅಲ್ಲೇ ತಪ್ಪಿದಳು.

"ಏನಾತಽ ನಿನಗ?"

"ಏನಾಗ್ಬೇಕು? ದೀಪಾವಳಿಯಿಂದ ನೀ ಎಲ್ಲೆಲ್ಲಿ ತಪ್ಪಿದಿ, ನಾನೂ ಅಲ್ಲಲ್ಲೇ ತಪ್ಪಿದೆ. ನಿನ್ನ ತಂತಿ ಎಲ್ಲಿ ಹೋದರೂ ದನಿ ಅಲ್ಲೇ ಒಯ್ದು ಇಟ್ಟೆ. ಈಗ ಅದೇ ರೂಢಿ ಆಗ್ಯದ."

"ನಿನಗ ಗೊತ್ತಿತ್ತೇನು?"

"ಗೊತ್ತಿರದೇನು? ನಿನ್ನ ಕಿವಿ ಹೋಗ್ಯದಂತ ನಾನೂ ತಿಳಕೊಂಡಿದ್ದೆ."

"ಕೇಳಿದಾಗ ಹೇಳಬೇಕಿಲ್ಲೇನು?"

"ಹೇಳಿದ್ರ ನೀ ಬಾರಿಸೋದೇ ಬಿಡ್ತಿದ್ದಿ. ಆಮ್ಯಾಲೆ ನಾ ಯಾರ ಸಂಗಟ ಹಾಡ್ಲಿ?"

ಅವಳ ದನಿ ನನ್ನ ತಂತಿಗೆ ಅಷ್ಟು ಸರಿಯಾಗಿ ಕೂತದ್ದರಿಂದಲೇ ನಾನು ಇಷ್ಟು ದಿನ ಹೆದರಿದ್ದೆ. ಆ ಸಾಲನ್ನು ನಿಧಾನವಾಗಿ, ಒಂದೊಂದೇ ಸ್ವರವಾಗಿ ಮೀಟಿದೆ. ಅವಳು ಒಂದೊಂದರ ಮೇಲೂ ದನಿ ಇಟ್ಟು ಬಂದಳು. ಹಂಚು ಇನ್ನೂ ಒಲೆಯ ಮೇಲಿಟ್ಟಿರಲಿಲ್ಲ, ಹಿಟ್ಟು ಕಲಸಿರಲಿಲ್ಲ. ನನ್ನ ಮನೆಯಲ್ಲಿ ಊಟದ ಹೊತ್ತು ತಪ್ಪಿದ್ದು ನನಗೆ ನೆನಪಿಲ್ಲ, ಅಂದು ತಪ್ಪಿತು. ಸಾಲು ನೆಟ್ಟಗಾದ ಮೇಲೆ ಅವಳಿಂದ ಇನ್ನೊಮ್ಮೆ ಹಾಡಿಸಿ, ಖಾತ್ರಿ ಮಾಡಿಕೊಂಡು, ರೊಟ್ಟಿ ಬಡಿಯಲು ಎದ್ದೆ.